ಶೇಷಾದ್ರಿ ರಸ್ತೆಯ ಜೈಲು ಮತ್ತು ಸಂವಿಧಾನ ಕೈಬಿಟ್ಟ ಎರಡು ಪದ

1975ರ ಜೂನ್ 26ರ ಬೆಳಗ್ಗೆ ಬೆಂಗಳೂರಿನ ಶಾಸಕರ ಭವನಕ್ಕೆ ಪೊಲೀಸರು ಬಂದರು. ಪಕ್ಷಾಂತರ ತಡೆ ಮಸೂದೆಯನ್ನು ಪರಿಶೀಲಿಸುವ ಸಂಸದೀಯ ಸಮಿತಿಯ ಸಭೆಗೆಂದು ದೆಹಲಿಯಿಂದ ಬಂದಿದ್ದ ಸಂಸದರು ಊರಿನಲ್ಲಿದ್ದರು. ಜನಸಂಘದ ಅಟಲ್ ಬಿಹಾರಿ ವಾಜಪೇಯಿ ಮತ್ತು ಲಾಲ್ ಕೃಷ್ಣ ಆಡ್ವಾಣಿ, ಸಂಸ್ಥಾ ಕಾಂಗ್ರೆಸ್ಸಿನ ಶ್ಯಾಮನಂದನ ಮಿಶ್ರಾ, ಸಮಾಜವಾದಿ ಮಧು ದಂಡವತೆ. ಹಿಂದಿನ ರಾತ್ರಿಯಷ್ಟೇ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತುರ್ತುಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದ್ದರು. ನಾಲ್ವರೂ ಶೇಷಾದ್ರಿ ರಸ್ತೆಯ ಕೇಂದ್ರ ಕಾರಾಗೃಹ ಸೇರಿದರು. 1867ರಲ್ಲಿ ಕಟ್ಟಿದ ಆ ಜೈಲು ಊರಿನ ನಟ್ಟನಡುವೆ ಇತ್ತು. ಗೋಡೆಯ ಆಚೆ ಬಸ್ಸು ಓಡುವ ಸದ್ದು ಒಳಗಿನವರಿಗೆ ಕೇಳಿಸುವಷ್ಟು ಹತ್ತಿರ.

ಅವರು ಮಾಡಿದ ತಪ್ಪೇನು? ಈ ಪ್ರಶ್ನೆಗೆ ಉತ್ತರ ಕೊಡಬೇಕಾದ ಅಗತ್ಯವೇ ಇಲ್ಲ ಎಂಬಂತೆ ಕೆಲವೇ ದಿನಗಳಲ್ಲಿ ಏರ್ಪಾಡಾಯಿತು. 1971ರ ಆಂತರಿಕ ಭದ್ರತಾ ಕಾಯ್ದೆ, ಜನರ ಬಾಯಲ್ಲಿ ‘ಮೀಸಾ’, ಆಗಲೇ ಇತ್ತು. ಜೂನ್ 27ರಂದು ಸಂವಿಧಾನದ 359ನೇ ವಿಧಿಯ ಕೆಳಗೆ ರಾಷ್ಟ್ರಪತಿಗಳ ಆದೇಶ ಹೊರಬಿತ್ತು. 14, 21 ಮತ್ತು 22ನೇ ವಿಧಿಗಳ ಹಕ್ಕನ್ನು ಹಿಡಿದು ಯಾರೂ ಯಾವ ನ್ಯಾಯಾಲಯಕ್ಕೂ ಹೋಗುವಂತಿಲ್ಲ ಎಂದಿತು ಅದು. ಅದರ ಬೆನ್ನಿಗೇ ಸುಗ್ರೀವಾಜ್ಞೆಯ ಮೂಲಕ ಮೀಸಾಕ್ಕೆ 16ಎ ಎಂಬ ಸೆಕ್ಷನ್ ಸೇರಿತು. ಬಂಧಿಸಿದ ಕಾರಣವನ್ನು ಬಂಧಿತನಿಗೆ ತಿಳಿಸುವ ಹೊಣೆಯೂ ಸರ್ಕಾರದ ತಲೆಯಿಂದ ಇಳಿಯಿತು.

ಮುಂದೆ ಈ ಕಾಲದ ಅತಿರೇಕಗಳ ತನಿಖೆಗೆ ನೇಮಕವಾದ ಷಾ ಆಯೋಗ ಲೆಕ್ಕ ಹಾಕಿದಾಗ ತುರ್ತುಪರಿಸ್ಥಿತಿಯಲ್ಲಿ ಮೀಸಾ ಅಡಿ 34,988 ಜನ, ಭಾರತ ರಕ್ಷಣಾ ನಿಯಮಗಳ ಅಡಿ 75,818 ಜನ ಬಂಧನ ಕಂಡಿದ್ದರು. ಒಟ್ಟು 1,10,806. ಇವರಲ್ಲಿ ಹೆಸರುವಾಸಿಯಾದವರು ಬೆರಳೆಣಿಕೆಯಷ್ಟು. ಉಳಿದವರು ಮೇಷ್ಟ್ರು, ವಿದ್ಯಾರ್ಥಿ, ಅಂಗಡಿಯವ, ಕಾರ್ಮಿಕ ಸಂಘದ ಕಾರ್ಯಕರ್ತ.

ಸ್ವಾತಂತ್ರ್ಯಕ್ಕಾಗಿ ಹೋರಾಡಿ, ಜೈಲು ಕಂಡು, ಬಳಿಕ ಮೂರು ವರ್ಷ ಕೂತು ಒಂದೊಂದು ಪದವನ್ನೂ ಚರ್ಚಿಸಿ ಬರೆದ ಸಂವಿಧಾನ ನಮ್ಮದು. ಅದು ಇದಕ್ಕೆ ಎಡೆ ಕೊಟ್ಟಿದ್ದಾದರೂ ಹೇಗೆ? ಅದನ್ನು ತಿಳಿಯಲು 28 ವರ್ಷ ಹಿಂದಕ್ಕೆ, ಮಂಗಳೂರಿನ ಬೆನಗಲ್ ಮನೆತನದ ಒಬ್ಬರ ಬಳಿಗೆ ಹೋಗಬೇಕು.

ಬೆನಗಲ್ ನರಸಿಂಗ ರಾವ್ ಐಸಿಎಸ್ ಅಧಿಕಾರಿಯಾಗಿ, ನ್ಯಾಯಾಧೀಶರಾಗಿ ದುಡಿದು ಸಂವಿಧಾನ ಸಭೆಯ ಸಲಹೆಗಾರರಾದವರು. ಸಭೆಯ ಸದಸ್ಯರಲ್ಲ, ಸಂಬಳವನ್ನೂ ಪಡೆಯಲಿಲ್ಲ. ರಿಸರ್ವ್ ಬ್ಯಾಂಕಿನ ಗವರ್ನರಾದ ಬೆನಗಲ್ ರಾಮರಾವ್, ಪತ್ರಕರ್ತ ಮತ್ತು ಸಂವಿಧಾನ ಸಭೆಯ ಸದಸ್ಯ ಬಿ. ಶಿವರಾವ್ ಇಬ್ಬರೂ ಅವರ ಸೋದರರು. ಅಕ್ಟೋಬರ್ 1947ರಲ್ಲಿ ಸಂವಿಧಾನದ ಮೊದಲ ಕರಡು ಸಿದ್ಧವಾದದ್ದು ನರಸಿಂಗರಾಯರ ಮೇಜಿನ ಮೇಲೆ.

ಅದಕ್ಕೂ ಮೊದಲು, 1947ರ ಏಪ್ರಿಲ್‌ನಲ್ಲಿ, ಮೂಲಭೂತ ಹಕ್ಕುಗಳ ವರದಿಯನ್ನು ಸರ್ದಾರ್ ಪಟೇಲರು ಸಭೆಯ ಮುಂದಿಟ್ಟಾಗ ಅದರಲ್ಲಿ ಸ್ಪಷ್ಟವಾಗಿ ಒಂದು ಮಾತಿತ್ತು. ಕಾನೂನಿನ ‘ಡ್ಯೂ ಪ್ರೋಸೆಸ್’ ಇಲ್ಲದೆ ಯಾರ ಜೀವವನ್ನೂ ಸ್ವಾತಂತ್ರ್ಯವನ್ನೂ ಕಸಿಯಕೂಡದು ಎಂಬುದು ಅದರ ಸಾರ. ಈ ಎರಡು ಪದಗಳಿಗೆ ಉದ್ದ ಬೇರಿದೆ. 1215ರ ಮ್ಯಾಗ್ನಾ ಕಾರ್ಟಾದ 39ನೇ ಕಲಮಿನಿಂದ ಹೊರಟು, 14ನೇ ಶತಮಾನದ ಇಂಗ್ಲಿಷ್ ಶಾಸನವೊಂದರಲ್ಲಿ ರೂಪು ತಳೆದು, ಅಮೆರಿಕದ ಸಂವಿಧಾನದ ಐದನೇ ಮತ್ತು ಹದಿನಾಲ್ಕನೇ ತಿದ್ದುಪಡಿಗಳನ್ನು ಸೇರಿದ ಪದಗಳಿವು. ಬಿಡಿಸಿ ಹೇಳುವುದಾದರೆ, ನನ್ನನ್ನು ಹಿಡಿಯಲು ಕಾನೂನೊಂದು ಇದ್ದರೆ ಸಾಲದು. ಆ ಕಾನೂನು ನ್ಯಾಯವಾಗಿರಬೇಕು. ನನ್ನ ಮೇಲಿನ ಆರೋಪ ನನಗೆ ಗೊತ್ತಾಗಬೇಕು, ನನ್ನ ಮಾತು ಕೇಳಬೇಕು, ಕೇಳುವವನು ನನ್ನನ್ನು ಹಿಡಿದವನೇ ಆಗಿರಬಾರದು. ಇಷ್ಟು ಇಲ್ಲದಿದ್ದರೆ ಆ ಕಾನೂನನ್ನೇ ತಳ್ಳಿಹಾಕುವ ಅಧಿಕಾರ ನ್ಯಾಯಾಲಯಕ್ಕಿರಬೇಕು.

ಆ ವರ್ಷದ ಕೊನೆಯ ತಿಂಗಳುಗಳಲ್ಲಿ ರಾಯರು ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್ ಸುತ್ತಿ ಅಲ್ಲಿನ ಸಂವಿಧಾನ ಬಲ್ಲವರನ್ನು ಕಂಡರು. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರ ಎಚ್ಚರಿಕೆ ರಾಯರ ಮನಸ್ಸಿನಲ್ಲಿ ನಿಂತಿತು. ಡ್ಯೂ ಪ್ರೋಸೆಸ್ ಹೆಸರಿನಲ್ಲಿ ನ್ಯಾಯಾಧೀಶರಿಗೆ ಸಿಗುವ ಅಧಿಕಾರ ಪ್ರಜಾಪ್ರಭುತ್ವಕ್ಕೆ ಒಗ್ಗುವಂಥದ್ದಲ್ಲ, ಜನ ಆರಿಸಿದ ಶಾಸನಸಭೆ ಮಾಡಿದ ಕಾನೂನನ್ನು ನಾಲ್ಕೈದು ಮಂದಿ ಕೂತು ಅಳಿಸಿಹಾಕಬಹುದು, ನ್ಯಾಯಾಲಯಕ್ಕೂ ಅದು ಹೊರಲಾರದ ಹೊರೆ ಎಂದು ಅವರು ಹೇಳಿದರು. ಅದು ಬರೀ ಭಯವಾಗಿರಲಿಲ್ಲ. ಬೇಕರಿ ಕಾರ್ಮಿಕರನ್ನು ವಾರಕ್ಕೆ 60 ಗಂಟೆಗಿಂತ ಹೆಚ್ಚು ದುಡಿಸಬಾರದು ಎಂಬ ನ್ಯೂಯಾರ್ಕ್ ರಾಜ್ಯದ ಕಾನೂನನ್ನು 1905ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದೇ ಎರಡು ಪದಗಳ ಬಲದಿಂದ ರದ್ದು ಮಾಡಿತ್ತು. ಜಮೀನ್ದಾರಿ ಕೀಳಬೇಕು, ಉಳುವವನಿಗೆ ನೆಲ ಕೊಡಬೇಕು ಎಂದು ಹೊರಟಿದ್ದ ಹೊಸ ದೇಶಕ್ಕೆ ಇದು ಎಚ್ಚರಿಕೆಯ ಗಂಟೆಯಂತೆ ಕೇಳಿಸಿದ್ದರಲ್ಲಿ ಆಶ್ಚರ್ಯವಿಲ್ಲ. ದೇಶವಿಭಜನೆಯ ರಕ್ತವೂ ಆಗಿನ್ನೂ ಆರಿರಲಿಲ್ಲ. ಗಲಭೆಗೆ ಸಂಚು ಹೂಡುವವನನ್ನು ಮೊದಲೇ ಹಿಡಿದಿಡುವ ಅಧಿಕಾರ ಬೇಕೆಂದು ಆಡಳಿತ ನಡೆಸುವವರು ಕೇಳುತ್ತಿದ್ದರು.

1948ರ ಆರಂಭದಲ್ಲಿ ಕರಡು ಸಮಿತಿ ಆ ಪದಗಳನ್ನು ತೆಗೆಯಿತು. ಜಪಾನಿನ ಹೊಸ ಸಂವಿಧಾನದ 31ನೇ ವಿಧಿಯ ಮಾದರಿಯಲ್ಲಿ ‘ಕಾನೂನು ಗೊತ್ತುಪಡಿಸಿದ ವಿಧಾನ’ ಎಂಬರ್ಥದ, ಇಂದಿನ 21ನೇ ವಿಧಿಯಲ್ಲಿರುವ ಮಾತು ಆ ಜಾಗಕ್ಕೆ ಬಂತು. ‘ಸ್ವಾತಂತ್ರ್ಯ’ ಎಂಬ ಪದದ ಹಿಂದೆ ‘ವೈಯಕ್ತಿಕ’ ಎಂಬ ವಿಶೇಷಣ ಸೇರಿ ಅದರ ಅರ್ಥವೂ ಕಿರಿದಾಯಿತು. ಕೆ.ಎಂ. ಮುನ್ಷಿ ಮೊದಲಿನ ಪದಗಳೇ ಇರಲೆಂದು ಹಟ ಹಿಡಿದರು. ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ಹೊಸ ಮಾತಿನ ಕಡೆ ನಿಂತರು.

1948ರ ಡಿಸೆಂಬರ್ 6 ಮತ್ತು 13ರಂದು ನಡೆದ ಚರ್ಚೆಯನ್ನು ಓದುವಾಗ ಇಂದಿಗೂ ಮನಸ್ಸು ಭಾರವಾಗುತ್ತದೆ. ಬ್ರಿಟಿಷರ ಕಾಲದಲ್ಲಿ ವಿಚಾರಣೆಯಿಲ್ಲದೆ ವರ್ಷಗಟ್ಟಲೆ ಸೆರೆಯಲ್ಲಿದ್ದವರು ಆ ಸಭೆಯಲ್ಲಿ ಎಷ್ಟೋ ಜನರಿದ್ದರು. ಡ್ಯೂ ಪ್ರೋಸೆಸ್ ಮರಳಲಿ ಎಂದು ಕಾಜಿ ಸೈಯದ್ ಕರೀಮುದ್ದೀನ್ ತಿದ್ದುಪಡಿ ತಂದರು, ಠಾಕೂರ್ ದಾಸ್ ಭಾರ್ಗವ ಅದಕ್ಕಾಗಿ ವಾದಿಸಿದರು. ಕೊನೆಯಲ್ಲಿ ಡಾ. ಅಂಬೇಡ್ಕರ್ ಎದ್ದು ನಿಂತಾಗ ಯಾವ ಕಡೆಯನ್ನೂ ಪೂರ್ತಿ ಹಿಡಿಯಲಿಲ್ಲ. ಪಕ್ಷದ ಜನರಿಂದಲೇ ತುಂಬಿದ ಶಾಸನಸಭೆ ನಾಗರಿಕನ ಹಕ್ಕನ್ನು ತುಳಿಯಲಾರದೆಂದು ನಂಬಲು ಅವರಿಗೆ ಆಗಲಿಲ್ಲ. ಸುಪ್ರೀಂ ಕೋರ್ಟಿನಲ್ಲಿ ಕೂತ ಐದಾರು ಮಂದಿ ತಮ್ಮ ಒಲವು ಪೂರ್ವಗ್ರಹಗಳನ್ನು ಬಿಟ್ಟು ಯಾವ ಕಾನೂನು ಒಳ್ಳೆಯದೆಂದು ತೀರ್ಮಾನಿಸಬಲ್ಲರು ಎಂದು ನಂಬಲೂ ಆಗಲಿಲ್ಲ. ಎರಡೂ ಕಡೆ ಅಪಾಯವಿರುವ ಇಕ್ಕಟ್ಟಿನ ದಾರಿ ಇದು ಎಂದು ಹೇಳಿ ತೀರ್ಮಾನವನ್ನು ಸಭೆಗೇ ಬಿಟ್ಟರು. ತಿದ್ದುಪಡಿ ಬಿದ್ದುಹೋಯಿತು.

ಹೊರಗೆ ಜನ ಸುಮ್ಮನಿರಲಿಲ್ಲ. 1949ರ ಸೆಪ್ಟೆಂಬರ್ 15ರಂದು ಅಂಬೇಡ್ಕರ್ ಮತ್ತೊಂದು ವಿಧಿಯನ್ನು ತಂದರು. ಹಿಂದಿನ ವಿಧಿಯಷ್ಟು ಕಟು ಟೀಕೆಗೆ ಸಂವಿಧಾನದ ಬೇರಾವ ಭಾಗವೂ ಗುರಿಯಾಗಿಲ್ಲ ಎಂದು ಒಪ್ಪಿಕೊಂಡೇ ಅದನ್ನು ಮಂಡಿಸಿದರು. ಇಂದಿನ 22ನೇ ವಿಧಿ ಅದು. ಬಂಧಿತನಿಗೆ ಕಾರಣ ತಿಳಿಸಬೇಕು, ವಕೀಲನನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಕಳೆದುಕೊಂಡದ್ದರಲ್ಲಿ ಒಂದಿಷ್ಟನ್ನು ಹಿಂದಕ್ಕೆ ತರುವ ಪ್ರಯತ್ನ. ಆದರೆ ಅದೇ ವಿಧಿಯ ಕೆಳಗಿನ ಕಲಮುಗಳು ಮುಂಜಾಗ್ರತಾ ಬಂಧನಕ್ಕೆ ಬಾಗಿಲು ತೆರೆದವು. ತಪ್ಪು ಮಾಡಿದ್ದಕ್ಕಲ್ಲ, ಮಾಡಬಹುದು ಎಂಬ ಶಂಕೆಗೆ ಆಗುವ ಬಂಧನ. ಶಾಂತಿಕಾಲದಲ್ಲೂ ಇಂಥ ಬಂಧನಕ್ಕೆ ಮೂಲಭೂತ ಹಕ್ಕುಗಳ ಅಧ್ಯಾಯದ ಒಳಗೇ ಜಾಗ ಕೊಟ್ಟ ಪ್ರಜಾಪ್ರಭುತ್ವಗಳು ಅಪರೂಪ. ನರಸಿಂಗರಾಯರ ವಿದ್ವತ್ತಿನ ಬಗ್ಗೆಯಾಗಲೀ ಸದುದ್ದೇಶದ ಬಗ್ಗೆಯಾಗಲೀ ನನಗೆ ಅನುಮಾನವಿಲ್ಲ. ಬೇಕರಿ ಕಾರ್ಮಿಕನನ್ನೂ ಗೇಣಿದಾರನನ್ನೂ ಕಾಪಾಡಲೆಂದೇ ಆ ಪದಗಳನ್ನು ತೆಗೆದದ್ದು. ಆದರೆ ಆಸ್ತಿಯ ಹಕ್ಕಿನ ವಿಷಯದಲ್ಲಿ ಹುಟ್ಟಿದ ಭಯದ ಬೆಲೆಯನ್ನು ಮೈಯ ಸ್ವಾತಂತ್ರ್ಯ ತೆರಬೇಕಾಯಿತು. ಇವೆರಡನ್ನೂ ಬೇರ್ಪಡಿಸಿ ನೋಡುವ ದಾರಿ ಇತ್ತು, ಅದನ್ನು ಹಿಡಿಯಲಿಲ್ಲ.

ಬೆಲೆ ಕೇಳಲು ತಡವಾಗಲಿಲ್ಲ. ಗಣರಾಜ್ಯಕ್ಕೆ ಒಂದು ತಿಂಗಳು ತುಂಬುವ ಹೊತ್ತಿಗೆ, 1950ರ ಫೆಬ್ರವರಿಯಲ್ಲಿ, ಮುಂಜಾಗ್ರತಾ ಬಂಧನ ಕಾಯ್ದೆ ಬಂತು. 1947ರ ಡಿಸೆಂಬರ್‌ನಿಂದ ಜೈಲಿನಲ್ಲೇ ಇದ್ದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರಿಗೆ ಈ ಕಾಯ್ದೆಯ ಕೆಳಗೆ ಹೊಸ ಆದೇಶ ಜಾರಿಯಾಯಿತು. ಅವರ ಪರವಾಗಿ ಸುಪ್ರೀಂ ಕೋರ್ಟಿನಲ್ಲಿ ನಿಂತವರು ಎಂ.ಕೆ. ನಂಬಿಯಾರ್. ಮಂಗಳೂರಿನ ಕೋರ್ಟುಗಳಲ್ಲಿ ವಕೀಲಿ ಶುರುಮಾಡಿ ಮದರಾಸಿಗೆ ಹೋದವರು. 21ನೇ ವಿಧಿಯಲ್ಲಿರುವ ‘ಕಾನೂನು’ ಎಂಬ ಪದಕ್ಕೆ ಶಾಸನಸಭೆ ಬರೆದುಕೊಟ್ಟ ಕಾಗದ ಎಂದಷ್ಟೇ ಅರ್ಥವಲ್ಲ, ಸಹಜ ನ್ಯಾಯವೂ ಅದರೊಳಗಿದೆ ಎಂದು ಅವರು ವಾದಿಸಿದರು. ಹಕ್ಕುಗಳನ್ನು ಬಿಡಿಬಿಡಿಯಾಗಿ ನೋಡದೆ 19, 21, 22ನೇ ವಿಧಿಗಳನ್ನು ಕೂಡಿಸಿ ಓದಿ ಎಂದು ಕೇಳಿಕೊಂಡರು. 1950ರ ಮೇ 19ರಂದು ಬಹುಮತದ ನ್ಯಾಯಮೂರ್ತಿಗಳು ಒಪ್ಪಲಿಲ್ಲ. ಸಂವಿಧಾನ ಸಭೆ ಬೇಕೆಂದೇ ಬಿಟ್ಟ ಪದಗಳನ್ನು ಹಿತ್ತಲ ಬಾಗಿಲಿನಿಂದ ತರಲಾಗದು ಎಂಬುದು ಅವರ ನಿಲುವಾಗಿತ್ತು. ನ್ಯಾಯಮೂರ್ತಿ ಸೈಯದ್ ಫಜ್ಲ್ ಅಲಿ ಭಿನ್ನ ತೀರ್ಪು ಬರೆದರು. ನೋಟಿಸು, ಅಹವಾಲು ಹೇಳುವ ಅವಕಾಶ, ನಿಷ್ಪಕ್ಷಪಾತಿ ನ್ಯಾಯಮಂಡಲಿ, ಕ್ರಮಬದ್ಧ ವಿಚಾರಣೆ ಇಲ್ಲದ್ದನ್ನು ‘ವಿಧಾನ’ ಎನ್ನಲಾಗದು ಎಂದರು. ಅದು ಒಂಟಿ ದನಿಯಾಗಿಯೇ ಉಳಿಯಿತು.

ಮತ್ತೆ ಬೆಂಗಳೂರಿಗೆ ಬರೋಣ. ನಾಲ್ವರು ಸಂಸದರ ಹೇಬಿಯಸ್ ಕಾರ್ಪಸ್ ಅರ್ಜಿಗಳು ಕರ್ನಾಟಕ ಹೈಕೋರ್ಟಿಗೆ ಬಂದವು. ಹಿಡಿದವನನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸಿ, ಯಾವ ಕಾನೂನಿನಲ್ಲಿ ಹಿಡಿದಿದ್ದೀರಿ ಹೇಳಿ ಎಂದು ಸರ್ಕಾರವನ್ನು ಕೇಳುವ ಅರ್ಜಿ ಅದು. ಅವರ ವಕೀಲರಲ್ಲಿ ಒಬ್ಬರಾದ ಎಂ. ರಾಮಾ ಜೋಯಿಸ್ ಮುಂದೆ ತಾವೇ ಮೀಸಾ ಬಂಧಿಯಾಗಿ ಅದೇ ಜೈಲು ಸೇರಿದರು. ಇಂಥ ಅರ್ಜಿಯನ್ನು ಕೇಳುವುದೇ ತಪ್ಪು ಎಂದು ಸರ್ಕಾರ ಆಕ್ಷೇಪ ಎತ್ತಿತು. ಕರ್ನಾಟಕ ಹೈಕೋರ್ಟ್ ಆಕ್ಷೇಪವನ್ನು ತಳ್ಳಿಹಾಕಿ, ಕೇಳುತ್ತೇವೆ ಎಂದಿತು. ಮಧ್ಯಪ್ರದೇಶ, ಅಲಹಾಬಾದ್, ದೆಹಲಿ, ರಾಜಸ್ಥಾನ, ಪಂಜಾಬ್ ಮತ್ತು ಹರಿಯಾಣ, ಬಾಂಬೆಯ ನಾಗಪುರ ಪೀಠ, ಹೀಗೆ ಒಂದರ ಹಿಂದೆ ಒಂದು ಹೈಕೋರ್ಟ್ ಅದೇ ಮಾತು ಹೇಳಿತು. ಆದೇಶವನ್ನು ಅಧಿಕಾರವಿದ್ದವನೇ ಮಾಡಿದ್ದಾನೆಯೇ, ದ್ವೇಷದಿಂದ ಮಾಡಿದ್ದಾನೆಯೇ, ಕಾಯ್ದೆಯ ಮಿತಿಯೊಳಗೆ ಮಾಡಿದ್ದಾನೆಯೇ ಎಂದಾದರೂ ನೋಡಬಹುದು ಎಂಬುದು ಅವುಗಳ ನಿಲುವು. ತಮ್ಮ ಕುರ್ಚಿಗೇ ಕುತ್ತು ಬರಬಹುದಾಗಿದ್ದ ಕಾಲದಲ್ಲಿ ಹೈಕೋರ್ಟಿನ ನ್ಯಾಯಾಧೀಶರು ತೋರಿದ ಈ ದಿಟ್ಟತನವನ್ನು ನಾವು ನೆನೆಯುವುದು ಕಡಿಮೆ. ಕುತ್ತು ಬಂದೇ ಬಂತು. 1976ರಲ್ಲಿ ಒಟ್ಟು 16 ಹೈಕೋರ್ಟ್ ನ್ಯಾಯಾಧೀಶರು ದೂರದ ರಾಜ್ಯಗಳಿಗೆ ವರ್ಗವಾದರು. ಕರ್ನಾಟಕದ ಡಿ.ಎಂ. ಚಂದ್ರಶೇಖರ್ ಅಲಹಾಬಾದಿಗೆ, ಎಂ. ಸದಾನಂದಸ್ವಾಮಿ ಗುವಾಹಟಿಗೆ.

ಸರ್ಕಾರ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹೋಯಿತು. ಮೇಲ್ಮನವಿಗಳ ಸಾಲಿನಲ್ಲಿ ಮೊದಲಿದ್ದದ್ದು ಮಧ್ಯಪ್ರದೇಶದ್ದು. ಹಾಗಾಗಿ ಇಡೀ ಪ್ರಕರಣಕ್ಕೆ ‘ಎಡಿಎಂ ಜಬಲ್ಪುರ ವಿರುದ್ಧ ಶಿವಕಾಂತ ಶುಕ್ಲಾ’ ಎಂಬ ಹೆಸರು ಬಿತ್ತು. 1975ರ ಡಿಸೆಂಬರ್‌ನಲ್ಲಿ ವಾದ ಶುರುವಾಯಿತು. ಪೀಠದಲ್ಲಿ ಐವರು: ಮುಖ್ಯ ನ್ಯಾಯಮೂರ್ತಿ ಎ.ಎನ್. ರೇ, ಎಚ್.ಆರ್. ಖನ್ನಾ, ಎಂ.ಎಚ್. ಬೇಗ್, ವೈ.ವಿ. ಚಂದ್ರಚೂಡ್, ಪಿ.ಎನ್. ಭಗವತಿ. ಬಂಧಿತರ ಪರ ಶಾಂತಿ ಭೂಷಣ್, ವಿ.ಎಂ. ತಾರ್ಕುಂಡೆ, ಸೋಲಿ ಸೊರಾಬ್ಜಿ ಮೊದಲಾದವರು. ಸರ್ಕಾರದ ಪರ ಅಟಾರ್ನಿ ಜನರಲ್ ನಿರೇನ್ ಡೇ.

ಡೇ ಅವರ ವಾದ ಸರಳವಾಗಿತ್ತು, ಆ ಸರಳತೆಯೇ ಎದೆ ನಡುಗಿಸುವಂಥದ್ದು. ಜೀವದ ಹಕ್ಕು, ಸ್ವಾತಂತ್ರ್ಯದ ಹಕ್ಕು ಇರುವುದು 21ನೇ ವಿಧಿಯಲ್ಲಿ ಮಾತ್ರ. ಆ ವಿಧಿಯನ್ನು ಹಿಡಿದು ಕೋರ್ಟಿಗೆ ಹೋಗುವ ದಾರಿ ಮುಚ್ಚಿದೆ. ಆದ್ದರಿಂದ ಬಂಧನ ಕಾನೂನಿನ ಪ್ರಕಾರ ಇರಲಿ ಇಲ್ಲದಿರಲಿ, ಯಾರೂ ಕೇಳುವಂತಿಲ್ಲ. ಆಗ ಖನ್ನಾ ಒಂದು ಪ್ರಶ್ನೆ ಕೇಳಿದರು. ಪೊಲೀಸ್ ಅಧಿಕಾರಿಯೊಬ್ಬ ಸ್ವಂತ ಹಗೆಗಾಗಿ ಒಬ್ಬ ಮನುಷ್ಯನನ್ನು ಕೊಂದರೆ? ಆಗಲೂ ಪರಿಹಾರ ಇಲ್ಲವೇ? ತುರ್ತುಪರಿಸ್ಥಿತಿ ಇರುವ ತನಕ ಇಲ್ಲ ಎಂದರು ಡೇ. ತಮ್ಮ ಅಂತಃಸಾಕ್ಷಿಗೂ ಇದು ಆಘಾತ ತರುತ್ತದೆ, ಆದರೆ ತಮ್ಮ ವಾದದಿಂದ ಹೊರಡುವ ಉತ್ತರ ಇದೇ ಎಂದೂ ಹೇಳಿದರು. ಉಳಿದ ನ್ಯಾಯಮೂರ್ತಿಗಳು ಆ ಉತ್ತರದ ಎದುರು ಮೌನವಾಗಿ ಕೂತಿದ್ದುದನ್ನು ಖನ್ನಾ ಮುಂದೆ ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ.

ವಾದ ಮುಗಿದು ತೀರ್ಪು ಬರುವ ನಡುವೆ ಖನ್ನಾ ಹರಿದ್ವಾರಕ್ಕೆ ಹೋಗಿದ್ದರು. ತಾನು ಬರೆದಿರುವ ತೀರ್ಪು ತನಗೆ ಮುಖ್ಯ ನ್ಯಾಯಮೂರ್ತಿಯ ಸ್ಥಾನ ತಪ್ಪಿಸಲಿದೆ ಎಂದು ಗಂಗೆಯ ದಂಡೆಯಲ್ಲಿ ಕೂತು ತಂಗಿಗೆ ಹೇಳಿದರು.

1976ರ ಏಪ್ರಿಲ್ 28ರಂದು ತೀರ್ಪು ಬಂತು. ನಾಲ್ವರು ಒಂದು ಕಡೆ. ಜೂನ್ 27ರ ಆದೇಶ ಇರುವಾಗ ಬಂಧನವನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋಗುವ ಅರ್ಹತೆ ಯಾರಿಗೂ ಇಲ್ಲ. ಆದೇಶ ಕಾಯ್ದೆಗೆ ಅನುಗುಣವಾಗಿಲ್ಲ ಎಂದಾಗಲೀ, ದ್ವೇಷದಿಂದ ಕೂಡಿದೆ ಎಂದಾಗಲೀ ಹೇಳುವಂತಿಲ್ಲ. ನ್ಯಾಯಮೂರ್ತಿ ಬೇಗ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಬಂಧಿತರಿಗೆ ಒಳ್ಳೆಯ ವಸತಿ, ಒಳ್ಳೆಯ ಊಟ, ಒಳ್ಳೆಯ ಉಪಚಾರ ಸಿಗುತ್ತಿದೆ, ಸರ್ಕಾರ ತೋರುತ್ತಿರುವ ಕಾಳಜಿ ಹೆಚ್ಚುಕಡಿಮೆ ತಾಯಿಯ ಕಾಳಜಿಯಂತಿದೆ ಎಂಬರ್ಥದ ಮಾತು ಬರೆದರು.

ಖನ್ನಾ ಒಬ್ಬರೇ ಇನ್ನೊಂದು ಕಡೆ. 21ನೇ ವಿಧಿ ಬರುವ ಮೊದಲೂ ಈ ನೆಲದಲ್ಲಿ ಕಾನೂನಿನ ಆಧಾರವಿಲ್ಲದೆ ಯಾರ ಜೀವವನ್ನೂ ತೆಗೆಯುವಂತಿರಲಿಲ್ಲ, ಹಾಗಿರುವಾಗ ಸಂವಿಧಾನ ಬಂದ ಮೇಲೆ ಅದು ಹೇಗೆ ಸಾಧ್ಯ ಎಂಬುದು ಅವರ ವಾದದ ಜೀವಾಳ. ಜೀವ ಮತ್ತು ಸ್ವಾತಂತ್ರ್ಯ ಸಂವಿಧಾನ ದಯಪಾಲಿಸಿದ ವರವಲ್ಲ. ಕಾನೂನಿನ ಆಳ್ವಿಕೆ ಎಂಬುದಕ್ಕೆ ಅರ್ಥವಿದ್ದರೆ ಯಾವ ಸರ್ಕಾರಕ್ಕೂ ಕಾನೂನು ಮೀರುವ ಅಧಿಕಾರವಿಲ್ಲ. ಇಂದಿನ ತಪ್ಪನ್ನು ಮುಂದೊಂದು ದಿನ ತಿದ್ದಬಹುದಾದ ವಿವೇಕಕ್ಕೆ ಮಾಡುವ ಮನವಿಯೇ ಭಿನ್ನ ತೀರ್ಪು ಎಂಬ ಅಮೆರಿಕದ ನ್ಯಾಯಮೂರ್ತಿ ಚಾರ್ಲ್ಸ್ ಹ್ಯೂಸರ ಮಾತಿನ ನೆನಪಿನೊಂದಿಗೆ ತಮ್ಮ ಬರವಣಿಗೆ ಮುಗಿಸಿದರು.

ಇನ್ನು ಆ ತೀರ್ಪಿನ ನಂತರದ ವಾರ ಬೆಂಗಳೂರಿನಲ್ಲಿ ಏನಾಯಿತು ನೋಡಿ.

ಮೇ 1ರಂದು ಲಾರೆನ್ಸ್ ಫರ್ನಾಂಡಿಸ್ ಅವರನ್ನು ಪೊಲೀಸರು ಮನೆಯಿಂದ ಕರೆದೊಯ್ದರು. ಮಂಗಳೂರಿನಲ್ಲಿ ಹುಟ್ಟಿ ದೇಶದ ಕಾರ್ಮಿಕ ನಾಯಕರಾದ ಜಾರ್ಜ್ ಫರ್ನಾಂಡಿಸರ ತಮ್ಮ ಎಂಬುದೇ ಅವರ ತಪ್ಪು. ಭೂಗತರಾಗಿದ್ದ ಅಣ್ಣ ಎಲ್ಲಿ ಎಂದು ಕೇಳಿ ಕೇಳಿ ಹೊಡೆದರು. ಎಷ್ಟೋ ದಿನ ಅವರು ಎಲ್ಲಿದ್ದಾರೆಂದು ಮನೆಯವರಿಗೆ ತಿಳಿಯಲಿಲ್ಲ. ಕೊನೆಗೆ ಕಾಣಸಿಕ್ಕಾಗ ಸರಿಯಾಗಿ ನಿಲ್ಲುವ ಶಕ್ತಿ ಆ ದೇಹಕ್ಕಿರಲಿಲ್ಲ. ತಾಯಿ ಆಲಿಸ್ ರಾಷ್ಟ್ರಪತಿಗೆ ಪತ್ರ ಬರೆದರು. ಪತ್ರವಲ್ಲದೆ ಅವರಿಗೆ ಬೇರೆ ದಾರಿ ಉಳಿದಿರಲಿಲ್ಲ. ಒಂದು ವಾರ ಹಿಂದಾಗಿದ್ದರೆ ಹೈಕೋರ್ಟಿನ ಬಾಗಿಲು ತಟ್ಟಬಹುದಿತ್ತು.

ಮೇ 2ರಂದು ಸ್ನೇಹಲತಾ ರೆಡ್ಡಿಯವರ ಬಂಧನವಾಯಿತು. ‘ಸಂಸ್ಕಾರ’ ಚಿತ್ರದ ಚಂದ್ರಿಯಾಗಿ ಕನ್ನಡಿಗರ ಮನಸ್ಸಿನಲ್ಲಿ ಉಳಿದ ಕಲಾವಿದೆ, ರಂಗಕರ್ಮಿ, ಜಾರ್ಜ್ ಅವರ ಸ್ನೇಹಿತೆ. ಸರ್ಕಾರದ ವಿರುದ್ಧ ಸ್ಫೋಟಕ ಕೂಡಿಟ್ಟರೆಂದು ಜಾರ್ಜ್ ಮತ್ತಿತರರ ಮೇಲೆ ಹೂಡಿದ ಬರೋಡಾ ಡೈನಮೈಟ್ ಪ್ರಕರಣದ ಆರೋಪಪಟ್ಟಿಯಲ್ಲಿ ಅವರ ಹೆಸರು ಕೊನೆಗೂ ನಿಲ್ಲಲಿಲ್ಲ. ಆದರೂ ಮೀಸಾ ಇತ್ತು, ಬಿಡುಗಡೆ ಇರಲಿಲ್ಲ. ಉಬ್ಬಸದ ರೋಗಿಯಾಗಿದ್ದ ಅವರನ್ನು ಶೇಷಾದ್ರಿ ರಸ್ತೆಯ ಜೈಲಿನಲ್ಲಿ ಒಂಟಿ ಕೋಣೆಯಲ್ಲಿಟ್ಟರು. ಅದೇ ಜೈಲಿನಲ್ಲಿ ಇನ್ನೂ ಬಂಧಿಯಾಗಿದ್ದ ಮಧು ದಂಡವತೆ, ರಾತ್ರಿಯ ಮೌನದಲ್ಲಿ ಸ್ನೇಹಲತಾ ಅವರ ಕೂಗು ತಮಗೆ ಕೇಳಿಸುತ್ತಿತ್ತು ಎಂದು ಮುಂದೆ ಬರೆದರು. ಸ್ನೇಹಲತಾ ಜೈಲಿನಲ್ಲಿ ದಿನಚರಿ ಬರೆದರು. ತಮ್ಮ ಉಸಿರೇ ಸಾಲದ ಸ್ಥಿತಿಯಲ್ಲೂ ಉಳಿದ ಹೆಣ್ಣು ಕೈದಿಗಳನ್ನು ಮನುಷ್ಯರಂತೆ ಕಾಣಬೇಕೆಂದು ಅಧಿಕಾರಿಗಳೊಂದಿಗೆ ಜಗಳವಾಡಿದರು. ಎಂಟು ತಿಂಗಳ ಮೇಲೆ, 1977ರ ಜನವರಿ 15ರಂದು, ಪೆರೋಲಿನ ಮೇಲೆ ಹೊರಬಂದರು. 18ರಂದು ಪ್ರಧಾನಿ ಚುನಾವಣೆ ಘೋಷಿಸಿದರು. 20ರಂದು ಸ್ನೇಹಲತಾ ತೀರಿಕೊಂಡರು.

ತಾಯಿಯ ಕಾಳಜಿ ಎಂಬ ಮಾತನ್ನು ಓದಿದಾಗಲೆಲ್ಲ ನನಗೆ ಆಲಿಸ್ ಅವರ ಪತ್ರ, ಸ್ನೇಹಲತಾ ಅವರ ಕೋಣೆ ನೆನಪಾಗುತ್ತವೆ. ಆ ಆರೋಪ ಸುಳ್ಳು, ಆಕೆಗೆ ಉಸಿರಾಡಲಾಗುತ್ತಿಲ್ಲ ಎಂದು ಯಾರಾದರೂ ಒಬ್ಬ ನ್ಯಾಯಾಧೀಶರ ಮುಂದೆ ಹೇಳಲು ಅವಕಾಶವಿದ್ದಿದ್ದರೆ ಸಾಕಿತ್ತು. ಡ್ಯೂ ಪ್ರೋಸೆಸ್ ಎಂದರೆ ಕೊನೆಗೂ ಅಷ್ಟೇ, ಯಾರಾದರೂ ಒಬ್ಬರು ಕೇಳಬೇಕು.

ಸ್ನೇಹಲತಾ ತೀರಿಕೊಂಡ ಎಂಟು ದಿನಕ್ಕೆ, ಜನವರಿ 28ರಂದು, ಸೇವಾ ಹಿರಿತನದಲ್ಲಿ ಮುಂದಿದ್ದ ಖನ್ನಾ ಅವರನ್ನು ದಾಟಿಸಿ ಬೇಗ್ ಅವರನ್ನು ಮುಖ್ಯ ನ್ಯಾಯಮೂರ್ತಿಯೆಂದು ಸರ್ಕಾರ ಹೆಸರಿಸಿತು. ಗಂಗೆಯ ದಂಡೆಯಲ್ಲಿ ತಂಗಿಗೆ ಹೇಳಿದಂತೆಯೇ ಆಯಿತು. ಖನ್ನಾ ರಾಜೀನಾಮೆ ಕೊಟ್ಟರು. ಅವರು ಕೂರುತ್ತಿದ್ದ ಸುಪ್ರೀಂ ಕೋರ್ಟಿನ ಎರಡನೇ ಸಂಖ್ಯೆಯ ಕೋಣೆಯಲ್ಲಿ ಇಂದು ಅವರ ಭಾವಚಿತ್ರವಿದೆ.

ತುರ್ತುಪರಿಸ್ಥಿತಿ ಕಳೆದ ಮೇಲೆ ನ್ಯಾಯಾಲಯ ತನ್ನ ಗಾಯವನ್ನು ತಾನೇ ತೊಳೆಯಲು ಹೊರಟಿತು. ಸರ್ಕಾರ ಬದಲಾಗಿತ್ತು. 1977ರ ಜುಲೈನಲ್ಲಿ ಹಿಂದಿನ ಪ್ರಧಾನಿಯ ಸೊಸೆ ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು ಕಾರಣ ಹೇಳದೆ ವಶಪಡಿಸಿಕೊಂಡದ್ದು ಈಗ ಜನತಾ ಸರ್ಕಾರ. ಹಕ್ಕಿನ ಪ್ರಶ್ನೆಗೆ ಪಕ್ಷವಿಲ್ಲ ಎನ್ನಲು ಇದಕ್ಕಿಂತ ಸಾಕ್ಷಿ ಬೇಡ. 1978ರ ಜನವರಿ 25ರಂದು ಏಳು ಜನರ ಪೀಠದ ತೀರ್ಪು ಬಂತು. 21ನೇ ವಿಧಿಯ ‘ವಿಧಾನ’ ಎಂಬುದು ನ್ಯಾಯವೂ ಸಮಂಜಸವೂ ಆಗಿರಬೇಕು, ಮನಬಂದಂತಿರುವುದು ವಿಧಾನವೇ ಅಲ್ಲ, 14, 19, 21ನೇ ವಿಧಿಗಳನ್ನು ಒಟ್ಟಿಗೇ ಓದಬೇಕು. 28 ವರ್ಷ ಹಿಂದೆ ನಂಬಿಯಾರ್ ಕೇಳಿದ್ದೂ, ಫಜ್ಲ್ ಅಲಿ ಬರೆದದ್ದೂ ಇದನ್ನೇ. ಮುಖ್ಯ ತೀರ್ಪು ಬರೆದವರು ಭಗವತಿ, ಎರಡು ವರ್ಷ ಹಿಂದೆ ಖನ್ನಾ ಅವರ ಎದುರು ಕಡೆ ಇದ್ದವರು. ಬಹುಮತದ ಜೊತೆ ನಿಂತ ಮುರ್ತಜಾ ಫಜಲ್ ಅಲಿ, 1950ರ ಆ ಒಂಟಿ ದನಿಯ ಮಗ. ಸಂವಿಧಾನ ಸಭೆ ಬಿಟ್ಟ ಎರಡು ಪದಗಳು ಅಕ್ಷರದಲ್ಲಿ ಬರದಿದ್ದರೂ ಅರ್ಥದಲ್ಲಿ ಬಂದವು. ಮರುವರ್ಷ ಬಿಹಾರದ ಜೈಲುಗಳಲ್ಲಿ ವಿಚಾರಣೆಯಿಲ್ಲದೆ ಕೊಳೆಯುತ್ತಿದ್ದ ಬಡವರಿಗೆ ಶೀಘ್ರ ವಿಚಾರಣೆಯ ಹಕ್ಕು ಸಿಕ್ಕಿದ್ದು, 1996ರ ತೀರ್ಪಿನಿಂದ ಬಂಧಿಸುವ ಪೊಲೀಸರು ಹೆಸರಿನ ಪಟ್ಟಿ ಧರಿಸಬೇಕಾದದ್ದು, ಬಂಧನದ ಸುದ್ದಿಯನ್ನು ಮನೆಯವರಿಗೆ ತಿಳಿಸಬೇಕಾದದ್ದು, ಎಲ್ಲ ಇದೇ ಬೇರಿನಿಂದ ಚಿಗುರಿದ್ದು.

ಆದರೂ ಎಡಿಎಂ ಜಬಲ್ಪುರ ತೀರ್ಪು ಮಾತ್ರ ಪುಸ್ತಕದಲ್ಲಿ ಹಾಗೇ ಉಳಿದಿತ್ತು. ಅದನ್ನು ತೊಡೆಯಲು ಕಾರಣರಾದವರೂ ಕನ್ನಡಿಗರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, 86ರ ಇಳಿವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅರ್ಜಿ ಹಾಕಿದರು. ಖಾಸಗಿತನ ಮೂಲಭೂತ ಹಕ್ಕೇ ಎಂಬ ಪ್ರಶ್ನೆ ಒಂಬತ್ತು ಜನರ ಪೀಠಕ್ಕೆ ಹೋಯಿತು. ಅದು ಮೂಲಭೂತ ಹಕ್ಕಲ್ಲ ಎಂದು ಸರ್ಕಾರದ ಪರ ವಾದಿಸುವ ಹೊಣೆ ಬಿದ್ದದ್ದು ಅಟಾರ್ನಿ ಜನರಲ್ ಕೆ.ಕೆ. ವೇಣುಗೋಪಾಲ್ ಅವರ ಮೇಲೆ. ಗೋಪಾಲನ್ ಪರ ನಿಂತಿದ್ದ ನಂಬಿಯಾರರ ಮಗ ಅವರು. 2017ರ ಆಗಸ್ಟ್ 24ರಂದು ಒಂಬತ್ತೂ ಜನ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಡಿ.ವೈ. ಚಂದ್ರಚೂಡ್ ಬರೆದ ತೀರ್ಪಿನಲ್ಲಿ ಎಡಿಎಂ ಜಬಲ್ಪುರದ ಬಹುಮತದ ನಿಲುವು ಗಂಭೀರವಾಗಿ ತಪ್ಪಾಗಿತ್ತು ಎಂದು ಘೋಷಿಸಿ ಅದನ್ನು ರದ್ದುಪಡಿಸಲಾಯಿತು. ರದ್ದಾದ ಆ ನಾಲ್ಕರಲ್ಲಿ ಒಂದು ಅವರ ತಂದೆಯದೇ. ಆ ತೀರ್ಪಿಗೆ ಜೊತೆಯಾದವರಲ್ಲಿ ಮೂಡುಬಿದಿರೆ ಬಳಿಯ ಬೆಳುವಾಯಿಯಲ್ಲಿ ಹುಟ್ಟಿದ ಎಸ್. ಅಬ್ದುಲ್ ನಜೀರ್ ಇದ್ದರು. ಖನ್ನಾ 2008ರಲ್ಲೇ ತೀರಿಕೊಂಡಿದ್ದರು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ, 98ನೇ ವಯಸ್ಸಿನಲ್ಲಿ ನಿಧನರಾದರು.

ಸಂಸತ್ತೂ ತನ್ನ ಪಾಲಿನ ಕೆಲಸ ಮಾಡಿತು, ಅರ್ಧ. 1978ರ 44ನೇ ತಿದ್ದುಪಡಿ ಇನ್ನು ಮುಂದೆ ಯಾವ ತುರ್ತುಪರಿಸ್ಥಿತಿಯಲ್ಲೂ 20 ಮತ್ತು 21ನೇ ವಿಧಿಗಳ ರಕ್ಷಣೆಯನ್ನು ಅಮಾನತು ಮಾಡುವಂತಿಲ್ಲ ಎಂದಿತು. ಅದೇ ತಿದ್ದುಪಡಿಯ 3ನೇ ಸೆಕ್ಷನ್ ಮುಂಜಾಗ್ರತಾ ಬಂಧನಕ್ಕೂ ಕಡಿವಾಣ ಹಾಕಿತ್ತು. ಸಲಹಾ ಮಂಡಳಿಯ ಒಪ್ಪಿಗೆಯಿಲ್ಲದೆ ಹಿಡಿದಿಡಬಹುದಾದ ಅವಧಿ ಮೂರು ತಿಂಗಳಿಂದ ಎರಡಕ್ಕೆ ಇಳಿಯಬೇಕಿತ್ತು. ಮಂಡಳಿಯ ಸದಸ್ಯರನ್ನು ಸರ್ಕಾರ ತನಗೆ ಬೇಕಾದಂತೆ ಆರಿಸದೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳ ಶಿಫಾರಸಿನಂತೆ ನೇಮಿಸಬೇಕಿತ್ತು.

ನಮ್ಮ ರಾಜ್ಯದಲ್ಲಿ ‘ಗೂಂಡಾ ಕಾಯ್ದೆ’ ಎಂದು ಎಲ್ಲರೂ ಕರೆಯುವ 1985ರ ಕಾನೂನಿನ ಕೆಳಗೆ ಇಂದಿಗೂ ಒಬ್ಬನನ್ನು ವಿಚಾರಣೆಯಿಲ್ಲದೆ ಒಂದು ವರ್ಷದವರೆಗೆ ಒಳಗಿಡಬಹುದು. ಶೇಷಾದ್ರಿ ರಸ್ತೆಯ ಜೈಲು 2000ದಲ್ಲಿ ಪರಪ್ಪನ ಅಗ್ರಹಾರಕ್ಕೆ ಹೋಯಿತು. ಹಳೆಯ ಜಾಗ ಈಗ ಫ್ರೀಡಂ ಪಾರ್ಕ್. ಊರಿನ ಧರಣಿ, ಪ್ರತಿಭಟನೆಗಳೆಲ್ಲ ನಡೆಯುವುದು ಅಲ್ಲೇ. ಆ ಜೈಲಿನಲ್ಲಿ ದಿನ ಎಣಿಸಿದ ಆಡ್ವಾಣಿ ಮತ್ತು ವಾಜಪೇಯಿ ಮುಂದೆ ಆರು ವರ್ಷ ದೇಶ ಆಳಿದರು. ಅವರಿಗಿಂತ ಮುಂಚೆಯೂ ಆಮೇಲೂ ಬೇರೆ ಬೇರೆ ಪಕ್ಷಗಳು ಆಳಿವೆ. ಸಂಸತ್ತು ಒಪ್ಪಿ, 1979ರ ಏಪ್ರಿಲ್ 30ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಆ 3ನೇ ಸೆಕ್ಷನ್ ಜಾರಿಗೆ ಬರಲು ಕೇಂದ್ರ ಸರ್ಕಾರದ ಒಂದು ಅಧಿಸೂಚನೆ ಸಾಕು. ಅದನ್ನು ಇದುವರೆಗೆ ಯಾವ ಸರ್ಕಾರವೂ ಹೊರಡಿಸಿಲ್ಲ.